ಸಿಗರೇಟು ಸೇದುವವರಿಗೆ ಮಂಡಿ ಸವೆತ ಕಡಿಮೆಯೇ?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಂಡಿ ಸವೆತದ ಮಾತು ಬಂದಾಗ ವಯಸ್ಸು, ತೂಕ, ಹಳೆಯ ಪೆಟ್ಟು, ಮನೆತನದಿಂದ ಬಂದದ್ದು, ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಧೂಮಪಾನದ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಒಂದು ಇರಿಸುಮುರಿಸಿನ ವಿಷಯ ಎದುರಾಗುತ್ತದೆ. ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲದಿಂದ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಒಂದೇ ಬಗೆಯ ಫಲಿತಾಂಶ ಮತ್ತೆ ಮತ್ತೆ ಪ್ರಕಟವಾಗುತ್ತಿದೆ: ಸಿಗರೇಟು ಸೇದುವವರಲ್ಲಿ ಮಂಡಿ ಸವೆತ ಸೇದದವರಿಗಿಂತ ಕಡಿಮೆ. ಶ್ವಾಸಕೋಶ, ಹೃದಯ, ರಕ್ತನಾಳ, ಮೂಳೆ ಎಲ್ಲವನ್ನೂ ಹಾಳುಮಾಡುವ ವಸ್ತು ಮಂಡಿಯೊಂದನ್ನು ಮಾತ್ರ ಕಾಪಾಡುತ್ತದೆ ಎಂದರೆ ಯಾರಿಗೂ ಅಚ್ಚರಿಯಾಗಬೇಕು.

ಈ ಫಲಿತಾಂಶವನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಅದನ್ನು ಬಾಯಿಪಾಠ ಮಾಡಿಕೊಂಡು ಇನ್ನೊಂದು ಪ್ಯಾಕೆಟ್ ಕೊಳ್ಳುವುದೂ ಸುಲಭ. ಎರಡನ್ನೂ ಮಾಡದೆ, ಆ ಸಂಖ್ಯೆಗಳು ಎಲ್ಲಿಂದ ಬಂದವು, ಅವುಗಳ ಹಿಂದೆ ಯಾವ ಮನುಷ್ಯರಿದ್ದಾರೆ ಎಂದು ನಿಧಾನವಾಗಿ ನೋಡೋಣ ಎಂಬುದು ನನ್ನ ಉದ್ದೇಶ. ಮಂಡಿ ನೋವಿನಿಂದ ಒದ್ದಾಡುತ್ತಿರುವ ಧೂಮಪಾನಿಗೆ ಅರ್ಧ ಸತ್ಯ ಹೇಳುವುದು ದೊಡ್ಡ ಅನ್ಯಾಯ ಎಂದು ನಾನು ನಂಬಿದ್ದೇನೆ.

ಮೊದಲು ರೋಗದ ಬಗ್ಗೆ ಎರಡು ಮಾತು. ನಾವು ಮಂಡಿ ಸವೆತ ಎನ್ನುವುದು ಆಸ್ಟಿಯೋಆರ್ಥ್ರೈಟಿಸ್ ಎಂಬ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 52.8 ಕೋಟಿ ಜನರಿಗೆ ಈ ಕೀಲು ಸವೆತವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಇದು ಕಾಡುವುದು ಮಂಡಿಯನ್ನೇ. ತೊಡೆಮೂಳೆಯ ತುದಿಯನ್ನೂ ಕಣಕಾಲಿನ ಮೂಳೆಯ ತಲೆಯನ್ನೂ ಹೊದಿಸಿರುವ ಮೃದ್ವಸ್ಥಿಯ ದಪ್ಪ ಕೆಲವೇ ಮಿಲಿಮೀಟರ್. ಅದರ ತೂಕದಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ನೀರು. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಕಾಲೂರಿದಾಗ ಭಾರ ಬಿದ್ದು ಅದರೊಳಗಿನ ದ್ರವ ಹೊರಗೆ ಜಿನುಗುತ್ತದೆ, ಕಾಲೆತ್ತಿದಾಗ ಸ್ಪಂಜಿನಂತೆ ಮತ್ತೆ ಹೀರಿಕೊಳ್ಳುತ್ತದೆ. ಈ ಹೋಗಿಬರುವ ದ್ರವದಿಂದಲೇ ಅದರ ಜೀವಕೋಶಗಳಿಗೆ ಆಹಾರ ಸಿಗಬೇಕು. ಹೀಗಾಗಿ ಒಮ್ಮೆ ಹಾಳಾದ ಮೃದ್ವಸ್ಥಿ ಚರ್ಮದ ಗಾಯದಂತೆ ಬೇಗ ಮಾಯುವುದಿಲ್ಲ. ಸವೆತ ಎಂಬ ಮಾತು ಬಳಕೆಯಲ್ಲಿದ್ದರೂ ಇದು ಬರೀ ತೇಯುವಿಕೆಯಲ್ಲ. ಮೃದ್ವಸ್ಥಿಯ ಕೆಳಗಿನ ಮೂಳೆ ಗಡುಸಾಗುತ್ತದೆ, ಅಂಚಿನಲ್ಲಿ ಮೂಳೆ ಚಿಗುರುತ್ತದೆ, ಕೀಲಿನ ಒಳಪೊರೆ ಊದಿಕೊಳ್ಳುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ. ಇಡೀ ಕೀಲಿನ ಕಾಯಿಲೆ ಇದು.

ಇನ್ನು ಆ ವಿಚಿತ್ರ ಫಲಿತಾಂಶಕ್ಕೆ ಬರೋಣ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಮ್ ಎಂಬ ಪಟ್ಟಣದ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1948ರಲ್ಲಿ ಅಲ್ಲಿನ 5,209 ಜನರನ್ನು ಸೇರಿಸಿಕೊಂಡು ಹೃದ್ರೋಗದ ಅಧ್ಯಯನವೊಂದು ಆರಂಭವಾಯಿತು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವು ಹೃದಯಕ್ಕೆ ಕುತ್ತು ಎಂದು ಜಗತ್ತು ಕಲಿತದ್ದರಲ್ಲಿ ಆ ಊರಿನ ಪಾಲು ದೊಡ್ಡದು. 1980ರ ದಶಕದ ಮೊದಲರ್ಧದಲ್ಲಿ ಅವರಲ್ಲಿ ಉಳಿದವರ ಮಂಡಿಗಳ ಎಕ್ಸ್‌ರೇ ತೆಗೆಯಲಾಯಿತು. ಆ ವೇಳೆಗೆ ಅವರು 63ರಿಂದ 94 ವರ್ಷದವರು. ಡೇವಿಡ್ ಫೆಲ್ಸನ್ ಮತ್ತು ಸಂಗಡಿಗರು 1989ರಲ್ಲಿ ಈ ಮಾಹಿತಿಯನ್ನಿಟ್ಟುಕೊಂಡು ಒಂದು ಲೇಖನ ಬರೆದರು. ಅದರ ತಲೆಬರಹವೇ ಒಂದು ಪ್ರಶ್ನೆಯಾಗಿತ್ತು: ಧೂಮಪಾನ ಕೀಲು ಸವೆತದಿಂದ ರಕ್ಷಿಸುತ್ತದೆಯೇ? ಸೇದುತ್ತಿದ್ದವರಲ್ಲಿ ಮಂಡಿ ಸವೆತ ಕಡಿಮೆಯಿತ್ತು. ತೂಕದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರ ಅಳಿಯಲಿಲ್ಲ.

ಪ್ರಾಮಾಣಿಕ ಸಂಶೋಧಕರು ಪ್ರಾಮಾಣಿಕವಾಗಿ ಮಾಡಿದ ಕೆಲಸ ಅದು. ಅಂಕಿಅಂಶ ಸುಳ್ಳಲ್ಲ. ಆದರೆ ಎಕ್ಸ್‌ರೇ ಕೊಠಡಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ಸಾಲಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿ.

1948ರಲ್ಲಿ ಸೇರಿದವರ ಪೈಕಿ ಮೂರೂವರೆ ದಶಕ ಬದುಕಿ ಉಳಿದವರಿಗೆ ಮಾತ್ರ ಆ ಎಕ್ಸ್‌ರೇ ಸಿಕ್ಕಿತು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನ, ಬಿಡದೆ ಸೇದುವವರ ಆಯಸ್ಸು ಸರಾಸರಿ ಹತ್ತು ವರ್ಷ ಮೊಟಕಾಗುತ್ತದೆ ಎಂದು 2004ರಲ್ಲಿ ತೋರಿಸಿತು. ಹಾಗಿದ್ದರೆ ಎಪ್ಪತ್ತು ದಾಟಿದವರ ಸಾಲಿನಲ್ಲಿ ನಿಂತಿರುವ ಧೂಮಪಾನಿ ಎಂಥವನು? ಸೇದುತ್ತಿದ್ದ ಜೊತೆಗೆ ದಪ್ಪಗಿದ್ದು, ಸಕ್ಕರೆ ಕಾಯಿಲೆಯೂ ಇದ್ದು, ಹೃದಯವೂ ಸೋತಿದ್ದವನು ಆ ಸಾಲಿಗೆ ಬರುವ ಮೊದಲೇ ಹೋಗಿರುವ ಸಂಭವ ಹೆಚ್ಚು. ಉಳಿದವನು ಹೆಚ್ಚಾಗಿ ತೆಳ್ಳಗಿನ, ಮೈಕಟ್ಟು ಗಟ್ಟಿಯಿರುವ ಮನುಷ್ಯ. ಅವನ ಮಂಡಿ ಚೆನ್ನಾಗಿದ್ದರೆ ಅದರ ಕೀರ್ತಿ ಸಿಗರೇಟಿಗೆ ಸಲ್ಲಬೇಕೇ? ಯಾರ ಮಂಡಿ ಹಾಳಾಗಬಹುದಿತ್ತೋ ಅವರೇ ಎಣಿಕೆಯಿಂದ ಹೊರಗುಳಿದಿದ್ದಾರೆ.

ತೂಕದ ಮಾತನ್ನು ಇನ್ನಷ್ಟು ಬಿಡಿಸಬೇಕು. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ದೇಹ ಸುಮ್ಮನಿರುವಾಗಲೂ ಶಕ್ತಿಯನ್ನು ಸ್ವಲ್ಪ ಹೆಚ್ಚು ಉರಿಸುವಂತೆ ಮಾಡುತ್ತದೆ. ಸೇದುವವರು ಸರಾಸರಿಯಲ್ಲಿ ತೆಳ್ಳಗಿರಲು ಇದೇ ಕಾರಣ. ಮಂಡಿಯ ಮಟ್ಟಿಗೆ ತೂಕ ಸಣ್ಣ ವಿಷಯವಲ್ಲ. ಮೈತೂಕದಲ್ಲಿ ಒಂದು ಕಿಲೋ ಇಳಿದರೆ, ಇಡುವ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು ಮಂಡಿ ಸವೆತವಿದ್ದ ಹಿರಿಯರ ನಡಿಗೆಯನ್ನು ಅಳೆದವರು ಕಂಡುಕೊಂಡಿದ್ದಾರೆ. ದಿನಕ್ಕೆ ಸಾವಿರಾರು ಹೆಜ್ಜೆ, ವರ್ಷಕ್ಕೆ ಲಕ್ಷಾಂತರ. ಇಪ್ಪತ್ತೈದನೇ ವಯಸ್ಸಿನಿಂದ ಐದು ಕಿಲೋ ಹಗುರವಾಗಿ ಬದುಕಿದವನ ಮಂಡಿಗೂ ಉಳಿದವರ ಮಂಡಿಗೂ ಎಷ್ಟು ಅಂತರವಾಗಬಹುದು ಎಂದು ನೀವೇ ಊಹಿಸಿ.

“ಆದರೆ ತೂಕವನ್ನು ಲೆಕ್ಕಕ್ಕೆ ಹಿಡಿದರಲ್ಲ?” ಎಂದು ನೀವು ಕೇಳಬಹುದು. ಹಿಡಿದರು. ಅಧ್ಯಯನಗಳು ಹಿಡಿಯುವುದು ಸಾಮಾನ್ಯವಾಗಿ ಒಂದೋ ಎರಡೋ ದಿನ ತಕ್ಕಡಿಯಲ್ಲಿ ನಿಂತಾಗ ಸಿಕ್ಕ ಸಂಖ್ಯೆಯನ್ನು. ಮಂಡಿಗಾದರೋ ಹೊತ್ತ ಅಷ್ಟೂ ವರ್ಷಗಳ ಭಾರದ ಲೆಕ್ಕವಿದೆ. ಕಾಗದದ ಮೇಲೆ ತೂಕ ಸರಿದೂಗಿಸಿದಂತೆ ಕಂಡರೂ ಜೀವಮಾನದ ತೂಕ ಪೂರ್ತಿ ಸರಿದೂಗುವುದಿಲ್ಲ. ಮಾಡಿದ ದುಡಿಮೆಯ ಬಗೆ, ಆಡಿದ ಆಟ, ಹಳೆಯ ಪೆಟ್ಟು ಇವುಗಳ ಲೆಕ್ಕವೂ ಹೀಗೆಯೇ ಅರೆಬರೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಕಾರಣಕ್ಕೆ ಬರುತ್ತೇನೆ. ಇದಕ್ಕೆ ಒಂದು ಕಾಲ್ಪನಿಕ ಲೆಕ್ಕ ಬೇಕು. ಒಂದು ಊರಿನಲ್ಲಿ ನೂರಕ್ಕೆ ಇಪ್ಪತ್ತು ಜನ ಸೇದುತ್ತಾರೆ ಎಂದುಕೊಳ್ಳಿ. ಧೂಮಪಾನಕ್ಕೂ ಮಂಡಿ ಸವೆತಕ್ಕೂ ಯಾವ ಸಂಬಂಧವೂ ಇಲ್ಲ ಎಂದೂ ಇಟ್ಟುಕೊಳ್ಳಿ. ಹಾಗಾದರೆ ನೂರು ಮಂಡಿ ರೋಗಿಗಳನ್ನು ಕೇಳಿದರೆ ಅವರಲ್ಲೂ ಸುಮಾರು ಇಪ್ಪತ್ತು ಜನ ಸೇದುವವರು ಇರುತ್ತಾರೆ. ಸಂಶೋಧಕನಿಗೆ ಹೋಲಿಕೆಗೆಂದು ಮಂಡಿ ಸವೆತವಿಲ್ಲದ ನೂರು ಜನ ಬೇಕು. ಮನೆಮನೆಗೆ ಹೋಗುವುದು ಕಷ್ಟ, ಪಕ್ಕದ ವಾರ್ಡಿಗೆ ಹೋಗುವುದು ಸುಲಭ. ಅಲ್ಲಿ ಮಲಗಿರುವವರು ಯಾರು? ಹೃದಯಾಘಾತವಾದವರು, ಉಸಿರಾಟದ ತೊಂದರೆಯವರು, ಪಾರ್ಶ್ವವಾಯು ಬಡಿದವರು, ಕ್ಯಾನ್ಸರ್ ಬಂದವರು. ಧೂಮಪಾನವೇ ಅವರಲ್ಲಿ ಎಷ್ಟೋ ಜನರನ್ನು ಆ ಹಾಸಿಗೆಗೆ ತಂದು ಹಾಕಿದೆ. ಹಾಗಾಗಿ ಆ ನೂರರಲ್ಲಿ ಮೂವತ್ತೈದು ಜನ ಸೇದುವವರು ಸಿಕ್ಕರು ಎನ್ನಿ. ಈಗ ಹೋಲಿಸಿ: ಮಂಡಿ ರೋಗಿಗಳಲ್ಲಿ ಇಪ್ಪತ್ತು, ಮಂಡಿ ಸರಿಯಿರುವವರಲ್ಲಿ ಮೂವತ್ತೈದು. ನೋಡಿದವರಿಗೆ ಸಿಗರೇಟು ಮಂಡಿಯನ್ನು ಕಾಪಾಡಿದಂತೆಯೇ ಕಾಣುತ್ತದೆ! ಒಂದೇ ಒಂದು ಮಂಡಿಗೂ ಅದರಿಂದ ಒಳ್ಳೆಯದಾಗಿಲ್ಲ. ಹೋಲಿಕೆಗೆ ಆರಿಸಿಕೊಂಡ ಜನರೇ ಬೇರೆ.

ಆಸ್ಪತ್ರೆಯ ರೋಗಿಗಳನ್ನೇ ಹೋಲಿಸಿದರೆ ಇಲ್ಲದ ಸಂಬಂಧ ಇದ್ದಂತೆ ತೋರಬಹುದು ಎಂದು 1946ರಲ್ಲಿಯೇ ಜೋಸೆಫ್ ಬರ್ಕ್‌ಸನ್ ಎಂಬ ಸಂಖ್ಯಾಶಾಸ್ತ್ರಜ್ಞ ಎಚ್ಚರಿಸಿದ್ದರು. ಮುಂದಿನ ದಶಕದಲ್ಲಿ ಅದೇ ಬರ್ಕ್‌ಸನ್, ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬ ವಾದವನ್ನೂ ಬಲವಾಗಿ ಸಂಶಯಿಸಿದರು. ಅಲ್ಲಿ ಅವರ ಸಂಶಯ ನಿಲ್ಲಲಿಲ್ಲ, ಏಕೆಂದರೆ ಆಸ್ಪತ್ರೆಯ ಹೊರಗೆ, ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗಲೂ ಕ್ಯಾನ್ಸರ್ ಸಂಬಂಧ ಗಟ್ಟಿಯಾಗಿಯೇ ಉಳಿಯಿತು. ಮಂಡಿಯ ವಿಷಯದಲ್ಲೂ ಇದೇ ಪರೀಕ್ಷೆ ಆಗಬೇಕಿತ್ತು.

2011ರಲ್ಲಿ ಅದು ಆಯಿತು. ಆಗ ಲಭ್ಯವಿದ್ದ ನಲವತ್ತೆಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯಲ್ಲಿ, ರೋಗಿಗಳನ್ನೂ ರೋಗವಿಲ್ಲದವರನ್ನೂ ಆರಿಸಿ ಹೋಲಿಸಿದ ಅಧ್ಯಯನಗಳಲ್ಲಿ ರಕ್ಷಣೆ ಚೆನ್ನಾಗಿ ಕಂಡಿತು. ಹೋಲಿಕೆಯವರನ್ನು ಆಸ್ಪತ್ರೆಯಿಂದ ತಂದ ಕಡೆ ಇನ್ನೂ ಎದ್ದು ಕಂಡಿತು. ಆರೋಗ್ಯವಂತರನ್ನು ಮೊದಲು ಸೇರಿಸಿಕೊಂಡು, ಮುಂದೆ ಯಾರಿಗೆ ಸವೆತ ಬರುತ್ತದೆ ಎಂದು ಕಾದು ನೋಡಿದ ಅಧ್ಯಯನಗಳಲ್ಲಿ ಅದು ಮಾಯವಾಯಿತು. ಆಯ್ಕೆಯ ದೋಷದಿಂದ ಹುಟ್ಟಿದ ತೋರಿಕೆಯ ರಕ್ಷಣೆ ಇದು ಎಂದು ಆ ಲೇಖಕರು ತೀರ್ಮಾನಿಸಿದರು. ನನ್ನ ನಿಲುವು ಬಹುಮಟ್ಟಿಗೆ ಅವರ ಕಡೆಗೇ ಇದೆ.

ಬಹುಮಟ್ಟಿಗೆ ಎಂದೆ, ಪೂರ್ತಿ ಎನ್ನಲಿಲ್ಲ. ಏಕೆಂದರೆ ಈ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಅದೇ 2011ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಹನ್ನೊಂದು ಸಾವಿರಕ್ಕೂ ಹೆಚ್ಚು ಹಿರಿಯ ಗಂಡಸರ ಅಧ್ಯಯನ ಪ್ರಕಟವಾಯಿತು. ದೀರ್ಘಕಾಲ ಸೇದಿದವರು ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಒಳಗಾಗುವುದು ಕಡಿಮೆ ಎಂದು ಅದು ಹೇಳಿತು. ಬೇಗ ಸಾಯುವುದರಿಂದ ಹೀಗಾಯಿತೇ ಎಂದು ಸಾವನ್ನೂ ಲೆಕ್ಕಕ್ಕೆ ತಂದು ನೋಡಿದರು. ಆಗಲೂ ಅಂತರ ಉಳಿಯಿತು. 2014ರಲ್ಲಿ ಸಿಂಗಪುರದ ಅರವತ್ತು ಸಾವಿರಕ್ಕೂ ಹೆಚ್ಚು ಚೀನೀ ಮೂಲದವರ ಅಧ್ಯಯನದಲ್ಲಿ, ಸೇದುತ್ತಿರುವವರಿಗೆ ಮಂಡಿ ಬದಲಾವಣೆ ಆಗುವ ಸಂಭವ ಸೇದದವರಿಗಿಂತ ಸುಮಾರು ಅರ್ಧದಷ್ಟು ಎಂದು ಬಂತು. ಇವು ಆಸ್ಪತ್ರೆಯ ವಾರ್ಡಿನಿಂದ ಹೆಕ್ಕಿದ ಹೋಲಿಕೆಗಳಲ್ಲ. ಸುಮ್ಮನೆ ತಳ್ಳಿಹಾಕಲಾಗುವುದಿಲ್ಲ.

ಆದರೆ ಇಲ್ಲಿ ಎಣಿಸಿದ್ದು ಏನು? ಸವೆದ ಮಂಡಿಗಳನ್ನಲ್ಲ, ಬದಲಾಯಿಸಿದ ಮಂಡಿಗಳನ್ನು. ಇವೆರಡರ ನಡುವೆ ಎಷ್ಟೋ ಮೆಟ್ಟಿಲುಗಳಿವೆ. ನೋವಿದೆ ಎಂದು ರೋಗಿ ವೈದ್ಯರ ಬಳಿ ಹೋಗಬೇಕು. ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಬೇಕು. ಅರಿವಳಿಕೆ ತಾಳಿಕೊಳ್ಳುವಷ್ಟು ಶ್ವಾಸಕೋಶ, ಹೃದಯ ಗಟ್ಟಿಯಿರಬೇಕು. ಶಸ್ತ್ರಚಿಕಿತ್ಸಕರು ಒಪ್ಪಬೇಕು. ಸೇದುವವರಿಗೆ ಗಾಯ ಮಾಯುವುದಿಲ್ಲ, ಸೋಂಕು ಹತ್ತುತ್ತದೆ ಎಂದು ಎಷ್ಟೋ ಶಸ್ತ್ರಚಿಕಿತ್ಸಕರು ಮುಂದೂಡುತ್ತಾರೆ. ಉಸಿರಾಟದ ತೊಂದರೆಯಿಂದ ಮೆಟ್ಟಿಲು ಹತ್ತಲಾಗದೆ ಮನೆಯಲ್ಲೇ ಕುಳಿತವರಿಗೆ ಮಂಡಿ ದೊಡ್ಡ ಅಡ್ಡಿಯೆಂದು ತೋರದೇ ಇರಬಹುದು. ಇವರ ಮಂಡಿಗಳೆಲ್ಲ ಆ ಎಣಿಕೆಯಲ್ಲಿ ಬದಲಾವಣೆ ಬೇಕಿಲ್ಲದ ಮಂಡಿಗಳೇ. ಅಂತರದಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬಂದಿದೆ ಎಂಬುದು ನನ್ನ ಅನಿಸಿಕೆ.

2017ರಲ್ಲಿ ನಾರ್ವೆಯವರು ವಂಶವಾಹಿಯ ದಾರಿ ಹಿಡಿದರು. ನಿಕೋಟಿನ್ ಗ್ರಾಹಕದ ಜೀನಿನಲ್ಲಿ ಒಂದು ಬಗೆಯ ವ್ಯತ್ಯಾಸ ಇರುವವರು ಸೇದಲು ಶುರುಮಾಡಿದರೆ ಹೆಚ್ಚು ಸೇದುತ್ತಾರೆ. ಆ ವ್ಯತ್ಯಾಸ ಹುಟ್ಟಿನಿಂದ ಬಂದದ್ದಾದ್ದರಿಂದ ಆಯ್ಕೆಯ ಗೊಂದಲ ಕಡಿಮೆ. ಅಲ್ಲಿಯೂ ಕೀಲು ಬದಲಾವಣೆ ಕಡಿಮೆ ಎಂಬ ಕಡೆಗೇ ಫಲಿತಾಂಶ ವಾಲಿತು. ಆದರೆ ಅದೇ ಜೀನು ಸೇದುವವರ ತೂಕವನ್ನೂ ಇಳಿಸುತ್ತದೆ. ಅಂದರೆ ಮತ್ತೆ ತೂಕದ ಬಾಗಿಲಿಗೇ ಬಂದು ನಿಂತೆವು. ಇದರಲ್ಲಿ ಕಿಂಚಿತ್ತು ನಿಜವಾದ ರಕ್ಷಣೆ ಇದ್ದರೆ ಅದರ ಹೆಸರು ಹಗುರವಾದ ಮೈ ಎಂದೇ ನಾನು ತಿಳಿದಿದ್ದೇನೆ. ಮೈ ಹಗುರ ಮಾಡಿಕೊಳ್ಳಲು ಹೊಗೆ ಬೇಕಿಲ್ಲ.

ಮೃದ್ವಸ್ಥಿಯ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ನಿಕೋಟಿನ್ ಹಾಕಿದಾಗ ಅವು ಮೃದ್ವಸ್ಥಿಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸಿದವು ಎಂಬ ಪ್ರಯೋಗವನ್ನೂ ಕೆಲವರು ಎತ್ತುತ್ತಾರೆ. ಯಾರೂ ಬರೀ ನಿಕೋಟಿನ್ ಸೇದುವುದಿಲ್ಲ. ಹೊಗೆಯಲ್ಲಿ ಸಾವಿರಾರು ರಾಸಾಯನಿಕಗಳಿವೆ, ರಕ್ತದ ಆಮ್ಲಜನಕದ ಜಾಗ ಕಸಿಯುವ ಕಾರ್ಬನ್ ಮೊನಾಕ್ಸೈಡ್ ಇದೆ. ತಟ್ಟೆಯ ಪ್ರಯೋಗವನ್ನು ಮಂಡಿಗೆ ಎಳೆದು ತರುವುದು ತರವಲ್ಲ.

ಹಾಗಾದರೆ ಮಂಡಿಯೊಳಗನ್ನೇ ನೋಡಿದವರು ಏನು ಕಂಡರು? 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಗಲೇ ಮಂಡಿ ಸವೆತವಿದ್ದ 159 ಗಂಡಸರನ್ನು ಮೂವತ್ತು ತಿಂಗಳು ಹಿಂಬಾಲಿಸಿ ಎಂಆರ್‌ಐ ಚಿತ್ರಗಳನ್ನು ತೆಗೆದರು. ಸೇದುತ್ತಿದ್ದವರು ಉಳಿದವರಿಗಿಂತ ಚಿಕ್ಕ ವಯಸ್ಸಿನವರು, ತೆಳ್ಳಗಿನವರು. ಅವರ ಮಂಡಿ ಚೆನ್ನಾಗಿರಬೇಕಿತ್ತು. ಆದರೆ ಮಂಡಿಯ ಒಳಬದಿಯಲ್ಲಿ ಮೃದ್ವಸ್ಥಿ ಕಳೆದುಕೊಳ್ಳುವ ಸಂಭವ ಅವರಿಗೆ ಎರಡು ಪಟ್ಟಿಗೂ ಹೆಚ್ಚಿತ್ತು. ನೋವೂ ಅವರಿಗೇ ಹೆಚ್ಚು: ನೂರು ಅಂಕಗಳ ಮಾಪಕದಲ್ಲಿ ಅವರ ನೋವು ಸುಮಾರು ಅರವತ್ತು, ಸೇದದವರದು ನಲವತ್ತೈದು. ಸೇದುತ್ತಿದ್ದವರ ಸಂಖ್ಯೆ ಹತ್ತೊಂಬತ್ತು ಮಾತ್ರ. ಆದ್ದರಿಂದ ಇದೊಂದನ್ನೇ ನೆಚ್ಚಿ ತೀರ್ಪು ಕೊಡಬಾರದು. ಹಾಗಿದ್ದರೂ ನೋವಿನ ವಿಷಯ ಮಾತ್ರ ಬೇರೆ ಕಡೆಗಳಿಂದಲೂ ಬೆಂಬಲ ಪಡೆದಿದೆ. ಬೆನ್ನು, ಕುತ್ತಿಗೆ, ಕೀಲು ಯಾವುದನ್ನೇ ಕೇಳಿ, ಸೇದುವವರು ಹೇಳುವ ನೋವು ಹೆಚ್ಚು.

“ನೋವು ಜಾಸ್ತಿಯಾದಾಗ ಒಂದು ಸೇದಿದರೆ ಹಗುರವಾಗುತ್ತದೆ” ಎಂದು ಹೇಳುವವರ ಮಾತು ಸುಳ್ಳಲ್ಲ. ನಿಕೋಟಿನ್ ತಕ್ಷಣಕ್ಕೆ ನೋವನ್ನು ಕೊಂಚ ಮಂಕಾಗಿಸುತ್ತದೆ. ಅದರ ಪ್ರಭಾವ ಇಳಿದಾಗ ಚಡಪಡಿಕೆ ಶುರುವಾಗಿ ನೋವು ಇನ್ನೂ ಚುರುಕಾಗಿ ತಾಕುತ್ತದೆ. ಮತ್ತೆ ಒಂದು ಸೇದಬೇಕು. ಹೀಗೆ ನೋವು ಸಿಗರೇಟಿಗೂ ಸಿಗರೇಟು ನೋವಿಗೂ ಕಾರಣವಾಗುತ್ತಾ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಕೀಲು ನೋವೆಲ್ಲ ಸವೆತವಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬುದು ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಧೂಮಪಾನ ಅದರ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ಯಾವ ವಿವಾದವೂ ಇಲ್ಲ. ಬೆಳಿಗ್ಗೆ ಎದ್ದಾಗ ಗಂಟೆಗೂ ಹೆಚ್ಚು ಹೊತ್ತು ಕೀಲುಗಳು ಬಿಗಿದುಕೊಂಡು, ಎರಡೂ ಕೈಗಳ ಬೆರಳ ಗೆಣ್ಣುಗಳು ಊದುತ್ತಿದ್ದರೆ ಅದನ್ನು ಮಂಡಿ ಸವೆತದ ಲೆಕ್ಕಕ್ಕೆ ಸೇರಿಸದೆ ಬೇಗ ವೈದ್ಯರಿಗೆ ತೋರಿಸಿ.

ಶಸ್ತ್ರಚಿಕಿತ್ಸೆಯವರೆಗೆ ಬಂದವರಿಗೆ ಧೂಮಪಾನದ ಪ್ರಶ್ನೆ ತೀರಾ ಹತ್ತಿರದ್ದು. ಡೆನ್ಮಾರ್ಕಿನಲ್ಲಿ ಸೊಂಟ ಅಥವಾ ಮಂಡಿಯ ಕೀಲು ಬದಲಾವಣೆಗೆ ಕಾದಿದ್ದ 120 ಧೂಮಪಾನಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆಗೆ ಆರರಿಂದ ಎಂಟು ವಾರ ಮೊದಲೇ ಸಿಗರೇಟು ಬಿಡಲು ಆಪ್ತಸಲಹೆ, ನಿಕೋಟಿನ್ ಬದಲಿ ಔಷಧ ಎಲ್ಲ ಕೊಟ್ಟರು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನೆರವು ಸಿಕ್ಕ ಗುಂಪಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ತೊಡಕುಗಳಾದದ್ದು ಶೇ. 18 ಮಂದಿಗೆ, ಇನ್ನೊಂದರಲ್ಲಿ ಶೇ. 52 ಮಂದಿಗೆ. ಗಾಯಕ್ಕೆ ಸಂಬಂಧಿಸಿದ ತೊಡಕುಗಳನ್ನಷ್ಟೇ ಎಣಿಸಿದರೆ ಶೇ. 5 ಮತ್ತು ಶೇ. 31. ಕೃತಕ ಕೀಲಿಗೆ ಸೋಂಕು ಹತ್ತಿದರೆ ಅದನ್ನು ಬಿಚ್ಚಿ ತೆಗೆದು, ತಿಂಗಳುಗಟ್ಟಲೆ ಔಷಧ ಕೊಟ್ಟು, ಮತ್ತೆ ಹೊಸದನ್ನು ಕೂರಿಸಬೇಕಾಗಿ ಬರಬಹುದು. ಆ ಯಾತನೆ ಕಂಡವರು ಈ ಸಂಖ್ಯೆಗಳನ್ನು ಹಗುರವಾಗಿ ಓದಲಾರರು. ನಿಮಗೋ ನಿಮ್ಮ ಮನೆಯವರಿಗೋ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದರೆ, ಎಷ್ಟು ಸೇದುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ, ಬಿಡಲು ನೆರವು ಕೇಳಿ. ವಾರಗಳು ಮೊದಲೇ ಕೇಳಿ, ಹಿಂದಿನ ದಿನವಲ್ಲ.

ಕೊನೆಯದಾಗಿ, ಬಿಟ್ಟ ಮೇಲಿನ ತೂಕ. ಇದನ್ನು ಎಷ್ಟೋ ಸಲಹೆಗಾರರು ನುಂಗಿಕೊಳ್ಳುತ್ತಾರೆ. ನಾನು ನುಂಗುವುದಿಲ್ಲ. ಸಿಗರೇಟು ಬಿಟ್ಟವರ ತೂಕ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕರಿಂದ ಐದು ಕಿಲೋ ಏರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಮೊದಲು ಹೇಳಿದ ಲೆಕ್ಕದಂತೆ ಐದು ಕಿಲೋ ಎಂದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ಇಪ್ಪತ್ತು ಕಿಲೋ ಹೆಚ್ಚುವರಿ ಭಾರ. ಸವೆದ ಮಂಡಿಯವರು ಬಿಟ್ಟ ಕೆಲವು ತಿಂಗಳಿಗೆ “ಬಿಟ್ಟ ಮೇಲೆಯೇ ನೋವು ಜಾಸ್ತಿಯಾಯಿತು” ಎಂದರೆ ನಂಬಿ. ಅವರನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಬಿಡುವ ದಿನದಂದೇ ತೂಕದ ಯೋಜನೆಯೂ ಕೈಯಲ್ಲಿರಬೇಕು.

ಅದೇ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಿಂದ 1992ರಲ್ಲಿ ಬಂದ ಇನ್ನೊಂದು ವರದಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಹತ್ತು ವರ್ಷಗಳ ಅವಧಿಯಲ್ಲಿ ಸುಮಾರು ಐದು ಕಿಲೋ ಇಳಿಸಿಕೊಂಡ ಹೆಂಗಸರಲ್ಲಿ ನೋವಿನ ಮಂಡಿ ಸವೆತದ ಸಂಭವ ಅರ್ಧಕ್ಕಿಂತ ಕೆಳಗಿಳಿಯಿತು. ಐದು ಕಿಲೋ ಏರುವುದು ಎಷ್ಟು ಕೆಟ್ಟದ್ದೋ ಇಳಿಯುವುದು ಅಷ್ಟೇ ಒಳ್ಳೆಯದು. ನಿಕೋಟಿನ್ ಬದಲಿ ಔಷಧಗಳು ಬಳಕೆಯಲ್ಲಿರುವಷ್ಟು ದಿನ ತೂಕ ಏರುವುದನ್ನು ಸ್ವಲ್ಪ ತಡೆಯುತ್ತವೆ. ಆ ಬಿಡುವಿನಲ್ಲಿ ಊಟದ ಹದವನ್ನೂ ನಡಿಗೆಯನ್ನೂ ರೂಢಿಸಿಕೊಳ್ಳಬೇಕು. ನಡೆಯಲು ನೋವಾದರೆ ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕುಳಿತು, ಒಂದು ಕಾಲನ್ನು ನಿಧಾನವಾಗಿ ಮುಂದಕ್ಕೆ ಚಾಚಿ, ಮಂಡಿ ಪೂರ್ತಿ ನೆಟ್ಟಗಾದಾಗ ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಮಾಡಿ ಐದು ಎಣಿಸುವಷ್ಟು ಹೊತ್ತು ಹಿಡಿದು, ಮತ್ತೆ ನಿಧಾನವಾಗಿ ಇಳಿಸಿ. ಹತ್ತು ಬಾರಿ ಒಂದು ಕಾಲು, ಹತ್ತು ಬಾರಿ ಇನ್ನೊಂದು. ಇಳಿಸುವಾಗ ಧೊಪ್ಪನೆ ಬಿಡಬಾರದು, ಸ್ನಾಯು ಗಟ್ಟಿಯಾಗುವುದರಲ್ಲಿ ಆ ನಿಧಾನದ ಪಾಲೂ ಇದೆ. ಸಿಗರೇಟಿನ ಬಯಕೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಗ್ಗುತ್ತದೆ. ಎರಡೂ ಕಾಲಿಗೆ ಈ ವ್ಯಾಯಾಮ ಮುಗಿಸಲು ಬೇಕಾಗುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ.